ಮೋರಿಗೆ ಬೆನ್ನು ಹಾಕಿದ ಕಟ್ಟಡ

ಸಾತನೂರು ಕಡೆಯ ಹಳೇ ಹಂಚಿನ ಮನೆಗಳಲ್ಲಿ ಒಲೆಯ ಹೊಗೆ, ಸೆಕೆ ಎರಡೂ ಗವಾಕ್ಷಿಯಿಂದ ಮೇಲೇರಿ ಹೋಗುತ್ತವೆ. ಬಿಸಿಗಾಳಿ ಮೇಲೇರುವ ಈ ಗುಣವೇ ಬೆಂಗಳೂರು ದೊಮ್ಮಲೂರಿನ ಟೆರಿ ಸಂಶೋಧನಾ ಸಂಸ್ಥೆಯ ಕಟ್ಟಡಕ್ಕೂ ಆಧಾರ. ನಿವೇಶನದ ದಕ್ಷಿಣಕ್ಕೆ ನಾರುವ ಮೋರಿ. ಗಾಳಿ ಬೀಸುವುದೂ ಅತ್ತಲಿಂದಲೇ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಬದಿಯನ್ನು ಮುಚ್ಚಿ, ನಡುವೆ ಟೊಳ್ಳು ಬಿಟ್ಟು ಜೋಡಿಗೋಡೆ ಎಬ್ಬಿಸಿ, ಹೊರಮೈಗೆ ಕರಿಯ ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಟೊಳ್ಳಿನ ಗಾಳಿ ಮೇಲೇರಿ ಹೊರಬೀಳುತ್ತದೆ, ಆ ತೆರವು ತುಂಬಲು ಉತ್ತರದ ಕಿಟಕಿಗಳಿಂದ ತಂಗಾಳಿ ಕೋಣೆಗಳನ್ನು ಹಾದುಬರುತ್ತದೆ. ಸುಡುವ ಬಿಸಿಲನ್ನೇ ಫ್ಯಾನು ಮಾಡಿಕೊಂಡ ಜಾಣತನ! ಗಾಜು ಹೊದ್ದು, ಒಳಗೆ ಏಸಿಗೆ ನಡುಗುವ ಐಟಿ ಕಟ್ಟಡಗಳ ಊರಿನಲ್ಲಿ, ಮೋರಿಯ ದೆಸೆಯಿಂದ ಇಂಥದೊಂದು ಗೋಡೆ ಹುಟ್ಟಿದ್ದು ನನಗಂತೂ ಬಲು ಖುಷಿ.