ಕವಾಸಾಕಿಯ ಐವತ್ತು ಮಕ್ಕಳು: ಒಂದು ಪ್ರಬಂಧದ ವಿಮರ್ಶೆ

ಕವಾಸಾಕಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಬೈಕ್ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರೆಯ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ (1925–2020) ಅವರ ಪ್ರಬಂಧದ ವಿಚಾರ. 1967ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟವಾದ ಈ 44 ಪುಟಗಳ ಬರಹದ ಇಂಗ್ಲಿಷ್ ಅನುವಾದ 2002ರಲ್ಲಿ ಬಂತು. ವೈದ್ಯಕೀಯ ಪ್ರಬಂಧವನ್ನು ಭೌತವಿಜ್ಞಾನದ ಅಧ್ಯಾಪಕ ವಿಮರ್ಶಿಸುವುದೇ ಎಂದು ನೀವು ಕೇಳಬಹುದು. ವೀಕ್ಷಣೆಗೂ ತೀರ್ಮಾನಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ವೀಕ್ಷಣೆ. 1961ರ ಜನವರಿಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಅವರ ಬಳಿ ಬಂದ. ಸ್ಕಾರ್ಲೆಟ್ ಜ್ವರದಂತೆ ಕಂಡರೂ ಅದಾಗಿರಲಿಲ್ಲ. ಮರುವರ್ಷ ಅಂಥದೇ ಇನ್ನೊಂದು ಮಗು. ಕವಾಸಾಕಿ ಆರು ವರ್ಷ ಕಾದು, 50 ಮಕ್ಕಳ ವಿವರ ಕಲೆಹಾಕಿದರು: ಬಿಡದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಬಿರಿದ ತುಟಿ, ಮೈಮೇಲೆ ಗಂಧೆ, ಕತ್ತಿನಲ್ಲಿ ಊದಿದ ದುಗ್ಧಗ್ರಂಥಿ, ಊದಿಕೊಂಡು ಮುಂದೆ ಬೆರಳತುದಿಯಿಂದ ಚರ್ಮ ಸುಲಿಯುವ ಕೈಕಾಲು. ಗಂಧೆಯ ಸ್ವರೂಪವನ್ನು ಚಿತ್ರ ಬರೆದು ತೋರಿಸಿದ್ದಾರೆ. ಈ ವರ್ಣನೆಗೆ ನಾನು ಪೂರ್ಣಾಂಕ ಕೊಡುತ್ತೇನೆ. ರೋಗದ ಕಾರಣ ಇಂದಿಗೂ ತಿಳಿದಿಲ್ಲ, ಅದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆಯೂ ಇಲ್ಲ. ವೈದ್ಯರು ಇಂದಿಗೂ ಮುಖ್ಯವಾಗಿ ಈ ಲಕ್ಷಣಗಳನ್ನೇ ನೆಚ್ಚಿಕೊಂಡಿದ್ದಾರೆ.

ತೀರ್ಮಾನದ ಮಾತು ಬೇರೆ. ಇದು ತಾನಾಗಿ ವಾಸಿಯಾಗುವ, ಮುಂದೆ ಯಾವ ತೊಂದರೆಯನ್ನೂ ಉಳಿಸದ ರೋಗ ಎಂದು ಪ್ರಬಂಧ ಹೇಳುತ್ತದೆ. ಐವತ್ತರಲ್ಲಿ ಒಂದು ಮಗುವೂ ಸತ್ತಿರಲಿಲ್ಲ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ನೂರರಲ್ಲಿ ಒಂದು ಮಗು ಸಾಯುವ ರೋಗವೆಂದು ಇಟ್ಟುಕೊಳ್ಳಿ. ಐವತ್ತು ಮಕ್ಕಳೂ ಬದುಕುಳಿಯುವ ಸಂಭವನೀಯತೆ 0.99ರ ಐವತ್ತನೆಯ ಘಾತ, ಅಂದರೆ ಸುಮಾರು 0.6. ಹೀಗೆ, ಮಾರಕವಾಗಬಲ್ಲ ರೋಗವೂ ಐವತ್ತರ ಪಟ್ಟಿಯಲ್ಲಿ ಸಾಧುವಾಗಿಯೇ ಕಾಣುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು! ಐವತ್ತರಲ್ಲಿ ಸೊನ್ನೆ ಎಂಬ ಫಲಿತಾಂಶದಿಂದ 95 ಶೇಕಡ ಭರವಸೆಯೊಡನೆ ಹೇಳಬಹುದಾದದ್ದು ಇಷ್ಟೇ: ಸಾವಿನ ಪ್ರಮಾಣ ಸುಮಾರು ಶೇಕಡ 6ನ್ನು ಮೀರಲಾರದು. ‘ಇಲ್ಲ’ ಎನ್ನಲು ಅದು ಸಾಲದು.

ಸುಳಿವುಗಳೂ ಇಲ್ಲದಿರಲಿಲ್ಲ. ಇಂಥ ಮಗುವೊಂದು ಹಠಾತ್ತನೆ ಸತ್ತಾಗ, 1965ರಲ್ಲೇ, ರೋಗಶಾಸ್ತ್ರಜ್ಞ ನೊಬೊರು ತನಾಕಾ ಅದರ ಕರೋನರಿ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಕಂಡಿದ್ದರು. 1968ರಲ್ಲಿ ತಕಾಜಿರೊ ಯಮಮೊಟೊ 23 ಮಕ್ಕಳಲ್ಲಿ 11 ಮಂದಿಯ ಇಸಿಜಿ ಸರಿಯಿಲ್ಲವೆಂದು ವರದಿ ಮಾಡಿದರು. 1970ರ ದೇಶವ್ಯಾಪಿ ಸಮೀಕ್ಷೆ ಹತ್ತು ಮಕ್ಕಳ ಸಾವನ್ನು ಬೆಳಕಿಗೆ ತಂದಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ. ಜ್ವರ ಇಳಿದು ಮಗು ಆಡತೊಡಗಿದ ಮೇಲೂ ಧಮನಿಯ ಗೋಡೆ ಸಡಿಲಗೊಂಡು ಉಬ್ಬುತ್ತದೆ. ಉಬ್ಬಿದಷ್ಟೂ, ಲಾಪ್ಲಾಸ್ ನಿಯಮದಂತೆ, ಅದೇ ಒತ್ತಡಕ್ಕೆ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಒಳಗೆ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟಲು ಅನುಕೂಲ. ಆಸ್ಪತ್ರೆಯಿಂದ ನಗುತ್ತ ಹೋದ ಮಕ್ಕಳನ್ನು ಮತ್ತೆ ಕರೆದು ನೋಡದಿದ್ದರೆ ಇದು ತಿಳಿಯುವುದು ಹೇಗೆ? ಧಮನಿಯನ್ನು ನೋವಿಲ್ಲದೆ ನೋಡಿಸುವ ಎಕೊ ಪರೀಕ್ಷೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಇಂದು ಚಿಕಿತ್ಸೆಯಿದೆ. ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳದ ಮೂಲಕ ಕೊಡುವ ಕ್ರಮ 1984ರಲ್ಲಿ ಜಪಾನಿನಿಂದ, 1986ರಲ್ಲಿ ಅಮೆರಿಕದಿಂದ ಬಂದ ಅಧ್ಯಯನಗಳಿಂದ ನೆಲೆಗೊಂಡಿತು. ಚಿಕಿತ್ಸೆಯಿಲ್ಲದೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗುವ ಧಮನಿಯ ಹಾನಿ, ಜ್ವರ ಬಂದ ಹತ್ತು ದಿನಗಳೊಳಗೆ ಇದನ್ನು ಕೊಟ್ಟರೆ ಶೇಕಡ 5ರ ಆಸುಪಾಸಿಗೆ ಇಳಿಯುತ್ತದೆ.

ಹೀಗಾಗಿ ಪ್ರಬಂಧದ ಶೀರ್ಷಿಕೆಯ ಬಗೆಗೂ ನನ್ನದೊಂದು ತಕರಾರು. ಬೆರಳುಗಳ ಚರ್ಮ ಸುಲಿಯುವುದನ್ನು ಕವಾಸಾಕಿ ಶೀರ್ಷಿಕೆಯಲ್ಲೇ ಎತ್ತಿ ಹೇಳಿದ್ದಾರೆ. ರೋಗವನ್ನು ಗುರುತಿಸಲು ಅದು ಸೊಗಸಾದ ಚಿಹ್ನೆ. ಆದರೆ ಅದು ಕಾಣಿಸಿಕೊಳ್ಳುವುದು ಎರಡು, ಮೂರನೆಯ ವಾರದಲ್ಲಿ. ಅಷ್ಟರಲ್ಲಿ ಆ ಹತ್ತು ದಿನಗಳು ಕಳೆದಿರುತ್ತವೆ. ತರಗತಿಯಲ್ಲಿ ಲಕ್ಷಣಗಳನ್ನು ಬರೆಸುವಾಗ ಐದು ದಿನ ಬಿಡದ ಜ್ವರವನ್ನು ಮೊದಲ ಸಾಲಿನಲ್ಲೂ ಸುಲಿಯುವ ಚರ್ಮವನ್ನು ಕೊನೆಯ ಸಾಲಿನಲ್ಲೂ ಬರೆಸಿ.