ಮಂದ ಹೆಡ್‌ಲೈಟಿಗೆ ದೊಡ್ಡ ಬಲ್ಬೇ ಮದ್ದೆ?

ಜುಲೈ ತಿಂಗಳ ಒಂದು ರಾತ್ರಿ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೋ, ಹೊಸನಗರದಿಂದ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿಯ ಕಡೆಗೋ ನೀವು ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಮಳೆ ಹೊಯ್ಯುತ್ತಿದೆ. ದೀಪ ಹೊತ್ತಿದೆ, ಆದರೆ ಅದರ ಬೆಳಕನ್ನು ರಸ್ತೆ ನುಂಗಿದಂತಿದೆ. ಕಂಬಳಿಕೊಪ್ಪೆ ಹೊದ್ದು ಅಂಚಿನಲ್ಲಿ ನಡೆಯುತ್ತಿದ್ದವರು ಕಾರು ತೀರ ಸಮೀಪಕ್ಕೆ ಬಂದಾಗಲೇ ಕಾಣುತ್ತಾರೆ. ಎದುರಿನಿಂದ ಬಂದ ವಾಹನದ ನೀಲಿ ಛಾಯೆಯ ಬಿಳಿ ಬೆಳಕು ಕಣ್ಣು ಕುಕ್ಕುತ್ತದೆ. ಮರುದಿನ ನೀವು ಮಾಡುವ ಮೊದಲ ಕೆಲಸವೇನು? ಪೇಟೆಗೆ ಹೋಗಿ ಹೆಚ್ಚು ವ್ಯಾಟಿನ ಬಲ್ಬನ್ನೋ ಎಲ್‌ಇಡಿ ಬಲ್ಬನ್ನೋ ಹಾಕಿಸುವುದು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇದೊಂದು ಸಣ್ಣ ಪ್ರಶ್ನೆಯಲ್ಲ. ಆಗುಂಬೆ ಮತ್ತು ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿವೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರಿಗೂ ಮಿಕ್ಕಿದ್ದು. ರಾತ್ರಿ ವೇಳೆ ರೋಗಿಯನ್ನು ಮಣಿಪಾಲಕ್ಕೆ ಸಾಗಿಸಬೇಕಾದವರು ಇಳಿಯುವುದು ಇವೇ ಘಾಟಿಗಳನ್ನು. ಸಾಗರ ತಾಲ್ಲೂಕಿನ ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವೆ ಶರಾವತಿ ಹಿನ್ನೀರಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚ್ ನಿಂತೊಡನೆ ನಿಲ್ಲುತ್ತಿದ್ದ ಅಲ್ಲಿಯ ವಾಹನ ಸಂಚಾರಕ್ಕೆ ಈಗ ರಾತ್ರಿಯ ಮಿತಿ ಇಲ್ಲ. ಅಂದರೆ ದೀಪದ ಬೆಳಕಿನಲ್ಲಿ ಓಡುವ ವಾಹನಗಳು ಹೆಚ್ಚುತ್ತಲೇ ಇವೆ. ಹೀಗಿರುವಾಗ ನಾವು ಮಾಡುತ್ತಿರುವ ಮದ್ದು ಸರಿಯೆ ಎಂದು ಪರೀಕ್ಷಿಸುವುದು ಅಗತ್ಯ. ಪರೀಕ್ಷಿಸಿದರೆ, ತಪ್ಪಿನ ಒಂದು ಪಾಲು ಅಂಗಡಿಯಲ್ಲಿದೆ, ಇನ್ನೊಂದು ಪಾಲು ನಮ್ಮ ತರಗತಿಯ ಕೋಣೆಯಲ್ಲಿದೆ ಎಂದು ತಿಳಿಯುತ್ತದೆ.

ಪಾಠ ಹೇಳದೆ ಬಿಟ್ಟ ಅರ್ಧ

ಹತ್ತನೆಯ ತರಗತಿಯ ವಿಜ್ಞಾನ ಪಾಠದಲ್ಲಿ ನಿಮ್ನ ದರ್ಪಣದ ಉಪಯೋಗಗಳ ಪಟ್ಟಿ ಇರುತ್ತದೆ. ಟಾರ್ಚ್, ಶೋಧಕ ದೀಪ ಮತ್ತು ವಾಹನದ ಹೆಡ್‌ಲೈಟುಗಳನ್ನು ಅಲ್ಲಿ ಒಂದೇ ಸಾಲಿನಲ್ಲಿ ಕೂರಿಸಲಾಗಿದೆ. ಬಲ್ಬು ಸಂಗಮಬಿಂದುವಿನಲ್ಲಿದ್ದರೆ ಪ್ರಬಲವಾದ ಸಮಾಂತರ ಕಿರಣಗಳು ದೊರೆಯುತ್ತವೆ ಎಂಬುದು ಕಲಿಯಬೇಕಾದ ಅಂಶ. ಶೋಧಕ ದೀಪಕ್ಕೆ ಇದು ಪೂರ್ತಿ ಸರಿ. ಹೆಡ್‌ಲೈಟಿಗೆ ಅರ್ಧ ಮಾತ್ರ ಸರಿ.

ನಮ್ಮ ರಸ್ತೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್4 ಬಗೆಯ ಹ್ಯಾಲೊಜೆನ್ ಬಲ್ಬನ್ನು ತೆಗೆದು ನೋಡಿ. ಅದರೊಳಗೆ ಎರಡು ತಂತುಗಳಿವೆ. ಒಂದು 60 ವ್ಯಾಟಿನದು, ಹೈಬೀಮಿಗೆ. ಇದು ದರ್ಪಣದ ಸಂಗಮಬಿಂದುವಿನ ಬಳಿ ನಿಲ್ಲುತ್ತದೆ. ಇನ್ನೊಂದು 55 ವ್ಯಾಟಿನದು, ಲೋಬೀಮಿಗೆ. ಇದನ್ನು ಬೇಕೆಂದೇ ಸಂಗಮಬಿಂದುವಿನಿಂದ ಸ್ವಲ್ಪ ಮುಂದಕ್ಕೆ ಇಡಲಾಗಿದೆ, ಅದರ ಕೆಳಗೆ ಬಟ್ಟಲಿನಂಥ ಒಂದು ಲೋಹದ ಮರೆ ಇದೆ. ಮರೆಯ ಕಾರಣ ಬೆಳಕು ದರ್ಪಣದ ಮೇಲಿನ ಅರ್ಧಕ್ಕೆ ಮಾತ್ರ ಬೀಳುತ್ತದೆ. ತಂತು ಸಂಗಮಬಿಂದುವಿನ ಮುಂದಿರುವ ಕಾರಣ ಅಲ್ಲಿಂದ ಪ್ರತಿಫಲಿಸಿದ ಕಿರಣಗಳು ಸಮಾಂತರವಾಗಿ ಹೋಗದೆ ಕೆಳಕ್ಕೆ ಬಾಗುತ್ತವೆ. ಮರೆಯ ಒಂದು ಅಂಚು 15 ಡಿಗ್ರಿ ಓರೆಯಾಗಿರುತ್ತದೆ. ಇದರಿಂದ ರಸ್ತೆಯ ಎಡ ಅಂಚಿನಲ್ಲಿ, ಪಾದಚಾರಿಗಳು ನಡೆಯುವ ಕಡೆ, ಬೆಳಕು ಸ್ವಲ್ಪ ಮೇಲಕ್ಕೂ ದೂರಕ್ಕೂ ಹೋಗುತ್ತದೆ. ಎದುರಿನವರು ಬರುವ ಬಲಗಡೆ ಅದು ತಗ್ಗಿರುತ್ತದೆ.

ಹೀಗೆ ಹೆಡ್‌ಲೈಟ್ ಎಂದರೆ ಬೆಳಕನ್ನು ಎಸೆಯುವ ಸಾಧನವಷ್ಟೇ ಅಲ್ಲ, ಎಸೆಯಬಾರದ ಕಡೆಗೆ ಎಸೆಯದಿರುವ ಸಾಧನವೂ ಹೌದು. ಪಾಠ ಮೊದಲಿನದನ್ನು ಹೇಳಿ ಎರಡನೆಯದನ್ನು ಬಿಟ್ಟಿದೆ. ಪುಟಗಳ ಮಿತಿಯಲ್ಲಿ ಎಲ್ಲವನ್ನೂ ಹೇಳಲಾಗದು ಎಂಬುದು ನಿಜ. ಆದರೆ 'ಹೆಡ್‌ಲೈಟ್ ಎಂದರೆ ದರ್ಪಣದ ಮುಂದಿನ ಬಲ್ಬು' ಎಂದಷ್ಟೇ ಕಲಿತವರು ಮುಂದೆ ವಾಹನ ಕೊಂಡಾಗ, ಬಲ್ಬು ದೊಡ್ಡದಾದರೆ ಸಾಕು ಎಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ದೊಡ್ಡ ಬಲ್ಬಿನ ಲೆಕ್ಕ

ಈಗ ಅಂಗಡಿಯ ಮದ್ದಿಗೆ ಬರೋಣ. 55 ವ್ಯಾಟಿನ ಜಾಗದಲ್ಲಿ 90 ವ್ಯಾಟ್ ಹಾಕಿದರೆ ಶಕ್ತಿ ಶೇಕಡಾ 64ರಷ್ಟು ಹೆಚ್ಚಾಯಿತು. ಬೆಳಕೂ ಅಷ್ಟೇ ಹೆಚ್ಚುವುದೆಂದು ಇಟ್ಟುಕೊಳ್ಳೋಣ. ನೀವು ಎಷ್ಟು ಹೆಚ್ಚು ದೂರ ಕಾಣುವಿರಿ? ವಿಲೋಮ ವರ್ಗ ನಿಯಮದಂತೆ ಎರಡು ಪಟ್ಟು ದೂರದ ವಸ್ತುವಿನ ಮೇಲೆ ಅಷ್ಟೇ ಬೆಳಕು ಬೀಳಬೇಕಾದರೆ ನಾಲ್ಕು ಪಟ್ಟು ತೀವ್ರತೆ ಬೇಕು. 1.64ರ ವರ್ಗಮೂಲ 1.28. ಲಾಭ ಶೇಕಡಾ 28 ಮಾತ್ರ.

ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತವೆ. ಹಳೆಯ ಕಾರುಗಳಲ್ಲಿ ಈ ವಿದ್ಯುತ್ತು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹಾದು ಬರುವುದುಂಟು. ಸ್ವಿಚ್ಚು, ತಂತಿ, ಕಿಲುಬು ಹಿಡಿದ ಹೋಲ್ಡರು, ತುಕ್ಕು ಹಿಡಿದ ಅರ್ತ್ ಜೋಡಣೆ ಎಲ್ಲ ಸೇರಿ 0.1 ಓಮ್ ರೋಧ ಒಡ್ಡಿದರೂ ಬಲ್ಬಿಗೆ ಸುಮಾರು 0.9 ವೋಲ್ಟ್ ಕಡಿಮೆ ತಲಪುತ್ತದೆ. 'ಒಂದು ವೋಲ್ಟು ತಾನೆ' ಎನ್ನಬೇಡಿ. ತಂತು ಬಲ್ಬಿನ ಬೆಳಕು ವಿಭವಾಂತರದ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಈ 0.9 ವೋಲ್ಟಿನ ಕೊರತೆಯಿಂದ ಸುಮಾರು ಕಾಲು ಭಾಗದಷ್ಟು ಬೆಳಕು ನಷ್ಟವಾಗುತ್ತದೆ.

ಅದೇ ತಂತಿಗೆ 90 ವ್ಯಾಟಿನ ಎರಡು ಬಲ್ಬುಗಳನ್ನು ಜೋಡಿಸಿದರೆ ವಿದ್ಯುತ್ 15 ಆಂಪಿಯರಿಗೆ ಏರುತ್ತದೆ, ಕೊರತೆ ಸ್ಥೂಲವಾಗಿ 1.5 ವೋಲ್ಟ್ ಆಗುತ್ತದೆ, ಬೆಳಕಿನಲ್ಲಿ ಶೇಕಡಾ 36ರಷ್ಟು ನಷ್ಟ. ಎರಡನ್ನೂ ಹೋಲಿಸಿದರೆ ಕಾಣುವ ದೂರದಲ್ಲಿ ಉಳಿಯುವ ಲಾಭ ಶೇಕಡಾ 17ರ ಆಸುಪಾಸು. ಇದಕ್ಕೆ ತೆತ್ತ ಬೆಲೆ? ತಂತಿ ಮತ್ತು ಜೋಡಣೆಗಳಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣ. 8.5 ವ್ಯಾಟ್ ಇದ್ದದ್ದು 22 ವ್ಯಾಟ್ ದಾಟುತ್ತದೆ. ಹೋಲ್ಡರು ಕರಗುವುದೂ ಸ್ವಿಚ್ಚು ಸುಡುವುದೂ ಇದರಿಂದಲೇ.

ಸರಿಯಾದ ಮದ್ದು ಅದೇ ಲೆಕ್ಕದಲ್ಲಿದೆ. ಬಲ್ಬನ್ನು ಬದಲಿಸದೆ ರೋಧವನ್ನು ತಗ್ಗಿಸಿ. ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ದಪ್ಪ ತಂತಿಯಲ್ಲಿ ನೇರವಾಗಿ ಬಲ್ಬಿಗೆ ವಿದ್ಯುತ್ ಕೊಟ್ಟರೆ ಸ್ವಿಚ್ಚು ರಿಲೇಯ ಸಣ್ಣ ಸುರುಳಿಯನ್ನಷ್ಟೇ ನಡೆಸಿದರೆ ಸಾಕು. ಅರ್ತ್ ಜೋಡಣೆಯನ್ನು ಕೆರೆದು ಬಿಗಿ ಮಾಡಿದರೆ ಕಳೆದುಹೋಗಿದ್ದ ಬೆಳಕಿನ ಬಹುಪಾಲು ಮರಳುತ್ತದೆ. ಇದನ್ನು ಪರೀಕ್ಷಿಸಲು ಶಾಲೆಯ ಮಲ್ಟಿಮೀಟರ್ ಸಾಕು. ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗ, ಬ್ಯಾಟರಿಯ ತುದಿಗಳಲ್ಲೂ ಬಲ್ಬಿನ ತುದಿಗಳಲ್ಲೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷ ಬಲ್ಬಿನದಲ್ಲ, ದಾರಿಯದು.

ಎಲ್‌ಇಡಿ ಎಂಬ ಹೊಸ ಮದ್ದು

'ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತದಲ್ಲ' ಎಂದು ನೀವು ಕೇಳಬಹುದು. ನಿಜ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ವಿನ್ಯಾಸಗೊಳಿಸಿದ ದೀಪಗಳ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರು ಹ್ಯಾಲೊಜೆನ್‌ಗಾಗಿ ಮಾಡಿದ ದರ್ಪಣದೊಳಗೆ ಎಲ್‌ಇಡಿ ಬಲ್ಬು ತೂರಿಸುವುದರ ಬಗ್ಗೆ. ಆ ದರ್ಪಣದ ಪ್ರತಿಯೊಂದು ವಕ್ರತೆಯೂ ಸುಮಾರು 5 ಮಿಲಿಮೀಟರ್ ಉದ್ದದ ಒಂದು ತಂತು ನಿಗದಿತ ಸ್ಥಾನದಲ್ಲಿದೆ ಎಂದು ನಂಬಿ ರೂಪುಗೊಂಡದ್ದು. ಎಲ್‌ಇಡಿಯ ಚಿಪ್ಪುಗಳು ಚಪ್ಪಟೆಯಾದ ಫಲಕದ ಎರಡು ಬದಿಗಳಲ್ಲಿ ಕುಳಿತಿರುತ್ತವೆ. ಆಕಾರ ಬೇರೆ, ಬೆಳಕು ಹರಡುವ ದಿಕ್ಕು ಬೇರೆ. ಫಲವಾಗಿ ಕಾರಿನ ಸಮೀಪದ ರಸ್ತೆ ಥಳಥಳಿಸುತ್ತದೆ, ದೂರ ಹಾಗೆಯೇ ಕಪ್ಪಾಗಿರುತ್ತದೆ, ಒಂದಷ್ಟು ಬೆಳಕು ಮೇಲಕ್ಕೆ ಸೋರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಮೀಪದ ಪ್ರಖರತೆಗೆ ನಿಮ್ಮ ಪಾಪೆ ಕಿರಿದಾಗುವ ಕಾರಣ ದೂರ ಇನ್ನಷ್ಟು ಮಸುಕಾಗುತ್ತದೆ. ಬೆಳಕು ಹೆಚ್ಚಾಯಿತು ಎಂಬ ತೃಪ್ತಿ ಸಿಗುತ್ತದೆ, ಕಾಣುವುದು ಹೆಚ್ಚಾಗುವುದಿಲ್ಲ.

ಕಾನೂನೂ ಇದಕ್ಕೆ ವಿರುದ್ಧ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮದಂತೆ, ದೀಪದಿಂದ 8 ಮೀಟರ್ ದೂರದಲ್ಲಿ, ವಾಹನದ ಬಲಕ್ಕೆ ಅರ್ಧ ಮೀಟರ್ ಆಚೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕಾರ್ಯಾಚರಣೆಯನ್ನೂ ನಡೆಸಿದರು. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ನನ್ನ ಮದ್ದು ಎದುರಿನವರ ರೋಗವಾಗುತ್ತದೆ. ಅವರೂ ಅದೇ ಮದ್ದು ಹಾಕಿಸಿಕೊಂಡು ನನ್ನೆದುರು ಬರುತ್ತಾರೆ.

ಬೆಳಕು ಸೋರುವ ಇತರ ಕಡೆಗಳು

ಬಲ್ಬಿನ ಮೇಲೆ ಕಣ್ಣಿಟ್ಟವರು ಅದರ ಮುಂದಿರುವುದನ್ನು ಮರೆಯುತ್ತಾರೆ. ಈಗಿನ ದೀಪಗಳ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್. ಬಿಸಿಲಿನ ನೇರಳಾತೀತ ಕಿರಣಗಳಿಂದ ಅದರ ಮೇಲಿನ ರಕ್ಷಕ ಲೇಪ ಕೆಟ್ಟು ಮುಚ್ಚಳ ಹಳದಿಗಟ್ಟುತ್ತದೆ. ತೀರ ಮಸುಕಾದ ಮುಚ್ಚಳದ ದೀಪ ಹೊಸದರ ಐದನೇ ಒಂದು ಭಾಗದಷ್ಟೇ ಬೆಳಕು ಕೊಡುತ್ತದೆಂದು ಅಮೆರಿಕದ ಎಎಎ ಸಂಸ್ಥೆ 2018ರಲ್ಲಿ ಪರೀಕ್ಷಿಸಿ ತಿಳಿಸಿತು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೊಳಪು ಬರುವುದು ಸುಳ್ಳಲ್ಲ, ಆದರೆ ರಕ್ಷಕ ಲೇಪ ಮರಳಿ ಬರುವುದಿಲ್ಲ. ಉಜ್ಜಿದ ಮೇಲೆ ನೇರಳಾತೀತ ನಿರೋಧಕ ಲೇಪ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಸುಕು. ಮಲೆನಾಡಿನಲ್ಲಿ ಇನ್ನೊಂದು ಕಾಟವಿದೆ. ದೀಪದೊಳಗೆ ತೇವ ಸೇರಿ ದರ್ಪಣದ ತೆಳು ಅಲ್ಯುಮಿನಿಯಮ್ ಲೇಪ ಕರಕಲಾಗುತ್ತದೆ. ಹಾಗಾದ ಮೇಲೆ ಯಾವ ಬಲ್ಬೂ ಪ್ರಯೋಜನಕ್ಕೆ ಬಾರದು, ದೀಪವನ್ನೇ ಬದಲಿಸಬೇಕು.

ಇನ್ನು ದೀಪದ ಓರೆ. ಲೋಬೀಮಿನ ಮೇಲಂಚು ಸಾಮಾನ್ಯವಾಗಿ ಶೇಕಡಾ 1ರಷ್ಟು ಕೆಳಮುಖವಾಗಿರುತ್ತದೆ. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಅಂಚು 65 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಡಿಕ್ಕಿಯಲ್ಲಿ ಅಡಿಕೆ ಮೂಟೆ ಹಾಕಿದಾಗ ಹಿಂಭಾಗ 4 ಸೆಂಟಿಮೀಟರ್ ಕುಸಿಯಿತು ಎನ್ನೋಣ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2.4 ಮೀಟರ್ ಆದರೆ ಶೇಕಡಾ 1.67ರ ಓರೆ ಬರುತ್ತದೆ. ಕೆಳಮುಖವಾಗಿದ್ದ ಬೆಳಕು ಮೇಲ್ಮುಖವಾಗಿ, 80 ಮೀಟರ್ ದೂರದಲ್ಲಿ ಸುಮಾರು 1.2 ಮೀಟರ್ ಎತ್ತರಕ್ಕೆ, ಅಂದರೆ ಎದುರು ಕಾರಿನ ಚಾಲಕರ ಕಣ್ಣಿನ ಮಟ್ಟಕ್ಕೆ ಹೋಗುತ್ತದೆ. ಅನೇಕ ಕಾರುಗಳಲ್ಲಿ 0, 1, 2, 3 ಎಂದು ಬರೆದ ಒಂದು ಗುಂಡಿ ಇರುವುದು ಇದನ್ನು ಸರಿಪಡಿಸಲೆಂದೇ. ಎಷ್ಟು ಜನ ಅದನ್ನು ತಿರುಗಿಸಿದ್ದಾರೆ?

ಮಳೆ, ಮಂಜು ಮತ್ತು ಬಣ್ಣ

ಮಳೆಗಾಲದಲ್ಲಿ ದೀಪ ಮಂದವಾಯಿತು ಎನ್ನಿಸಿದಾಗ ಹಲವು ಬಾರಿ ದೀಪ ಸರಿಯಾಗಿಯೇ ಇರುತ್ತದೆ. ಒಣ ಡಾಂಬರು ಒರಟು, ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸಿ ಒಂದು ಪಾಲನ್ನು ನಿಮ್ಮ ಕಣ್ಣಿಗೆ ಮರಳಿಸುತ್ತದೆ. ನೀರಿನ ಪೊರೆ ಕಟ್ಟಿದ ರಸ್ತೆ ಕನ್ನಡಿಯಂತೆ ಬೆಳಕನ್ನು ಮುಂದಕ್ಕೆ ಜಾರಿಸುತ್ತದೆ. ನಿಮಗೆ ರಸ್ತೆ ಕಪ್ಪು, ಎದುರಿನವರಿಗೆ ಕಣ್ಣುಕುಕ್ಕು. ಇದಕ್ಕೆ ಮದ್ದು ಕಾರಿನಲ್ಲಿಲ್ಲ, ರಸ್ತೆಯಲ್ಲಿದೆ. ಅಂಚಿನ ಬಿಳಿ ಗೆರೆ, ತಿರುವುಗಳಲ್ಲಿ ಬಂದ ದಿಕ್ಕಿಗೇ ಬೆಳಕನ್ನು ಮರಳಿಸುವ ಫಲಕ ಮತ್ತು ಗುಬುಟುಗಳು ಇರಬೇಕು. ಇದ್ದರೂ ಸಾಲದು, ಕೆಸರು ಪಾಚಿಗಳನ್ನು ತೊಳೆಯುತ್ತಿರಬೇಕು.

ಮಂಜಿನ ವಿಷಯದಲ್ಲೂ ಒಂದು ತಪ್ಪು ನಂಬಿಕೆ ಬೇರೂರಿದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬುದು. ಕೆಂಪು ಬೆಳಕು ಮಂಜಿನಲ್ಲಿ ಕಡಿಮೆ ಚದರುತ್ತದೆ ಎಂದು ಪಾಠದಲ್ಲಿ ಓದಿದ್ದೂ ಇದಕ್ಕೆ ಕಾರಣವಿರಬಹುದು. ತರಂಗಾಂತರ ಹೆಚ್ಚಿದಂತೆ ಚದರಿಕೆ ತೀವ್ರವಾಗಿ ಇಳಿಯುತ್ತದೆ ಎಂಬ ರ್‍ಯಾಲೆ ನಿಯಮ ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣಗಳಿಗೆ ಮಾತ್ರ ಅನ್ವಯ. ಬೆಳಕಿನ ತರಂಗಾಂತರ ಸುಮಾರು ಅರ್ಧ ಮೈಕ್ರೊಮೀಟರ್, ಮಂಜಿನ ಹನಿ ಸಾಮಾನ್ಯವಾಗಿ 10 ಮೈಕ್ರೊಮೀಟರಿನ ಆಸುಪಾಸು. ಹನಿ 20 ಪಟ್ಟು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಚದರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಫ್ರಾನ್ಸಿನಲ್ಲಿ ದಶಕಗಳ ಕಾಲ ಕಾರುಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು, 1993ರಲ್ಲಿ ಅದನ್ನು ಕೈಬಿಡಲಾಯಿತು. ಮಂಜಿನ ದೀಪದ ಗುಟ್ಟು ಬಣ್ಣದಲ್ಲಿಲ್ಲ. ಅದನ್ನು ನೆಲಕ್ಕೆ ಹತ್ತಿರ ಕೂರಿಸಿ, ಬೆಳಕನ್ನು ಅಗಲವಾಗಿ, ತಗ್ಗಾಗಿ ಹರಡುವುದರಲ್ಲಿದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ನಿಮ್ಮೆದುರು ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಕೊನೆಯದಾಗಿ, ನೋಡುವ ಕಣ್ಣು. 60ರ ವಯಸ್ಸಿನವರ ಅಕ್ಷಿಪಟಕ್ಕೆ ತಲಪುವ ಬೆಳಕು 20ರ ತರುಣರಿಗೆ ತಲಪುವುದರ ಸುಮಾರು ಮೂರನೇ ಒಂದು ಪಾಲು. ಮನೆಯ ಹಿರಿಯರು 'ಲೈಟು ಸಾಲದು ಮಾರಾಯ' ಎಂದಾಗ ಕಾರಿನ ದೀಪದ ಜೊತೆಗೆ ಅವರ ಕಣ್ಣಿನ ಪೊರೆಯನ್ನೂ ಪರೀಕ್ಷಿಸುವುದು ಒಳಿತು.

ವೇಗವೇ ಉಳಿದ ಮದ್ದು

ಇಷ್ಟಾದ ಮೇಲೂ ಬೆಳಕಿಗೊಂದು ಮಿತಿ ಇದೆ. ಒದ್ದೆ ರಸ್ತೆಯ ಘರ್ಷಣಾಂಕ 0.4, ಚಾಲಕರು ಪ್ರತಿಕ್ರಿಯಿಸಲು 1.5 ಸೆಕೆಂಡ್ ಎಂದು ಹಿಡಿದು ಲೆಕ್ಕ ಹಾಕಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ನಿಲ್ಲಲು 32 ಮೀಟರ್ ಬೇಕು. 60ರಲ್ಲಿ 60 ಮೀಟರ್. 80ರಲ್ಲಿ 96 ಮೀಟರ್. ಲೋಬೀಮಿನ ಅಂಚು ರಸ್ತೆ ಮುಟ್ಟುವುದು 65 ಮೀಟರಿನಲ್ಲಿ. ಕಪ್ಪು ಕಂಬಳಿಯೋ ಎಮ್ಮೆಯೋ ಕಾಣುವುದು ಅದಕ್ಕಿಂತ ಎಷ್ಟೋ ಸಮೀಪದಲ್ಲಿ. ಅಂದಮೇಲೆ 80ರ ವೇಗದಲ್ಲಿ ಹೋಗುವವರು ತಮಗೆ ಕಾಣದ ರಸ್ತೆಯ ಮೇಲೆ ಹೋಗುತ್ತಿದ್ದಾರೆ. 17 ಶೇಕಡಾ ದೂರವನ್ನು ಹಣ ಕೊಟ್ಟು ಕೊಳ್ಳುವುದಕ್ಕಿಂತ ವೇಗವನ್ನು 60ರಿಂದ 40ಕ್ಕೆ ಇಳಿಸಿದರೆ ನಿಲ್ಲಲು ಬೇಕಾದ ದೂರ ಅರ್ಧಕ್ಕೆ ಇಳಿಯುತ್ತದೆ. ಖರ್ಚೇನೂ ಇಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ನ ದರ್ಪಣದ ಪಾಠ ಮುಗಿದ ದಿನ ಸಂಜೆ ಶಾಲೆಯ ಕಾಂಪೌಂಡ್ ಗೋಡೆಯಿಂದ 10 ಮೀಟರ್ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಒಂದು ಕಾರು ನಿಲ್ಲಿಸಿ. ದೀಪದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಲೋಬೀಮಿನ ಅಂಚು ಆ ಗುರುತಿನಿಂದ 10 ಸೆಂಟಿಮೀಟರ್ ಕೆಳಗಿದೆಯೆ, ಎಡಕ್ಕೆ ಮೇಲೇರಿದೆಯೆ ಎಂದು ಮಕ್ಕಳೇ ಅಳೆಯಲಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಮತ್ತೊಮ್ಮೆ ಅಳೆಯಲಿ. ಆ ಮಕ್ಕಳು ಅಂದು ಮನೆಗೆ ಹೋಗಿ ತಮ್ಮ ಮನೆಯ ಕಾರಿನ ಗುಂಡಿಯನ್ನು ಹುಡುಕಿದರೆ, ಪಾಠ ಬಿಟ್ಟಿದ್ದ ಅರ್ಧ ತುಂಬಿದಂತೆ.