ಬೆಳಕು ಕಂಡವನು ಹಿಂದಿರುಗಬೇಕು

2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ಅಂಗೀಕರಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನೂ, ಸುಮಾರು 2400 ವರ್ಷಗಳ ಹಿಂದೆ ಅಥೆನ್ಸಿನ ಪ್ಲೇಟೋ ರಚಿಸಿದ ‘ರಿಪಬ್ಲಿಕ್’ ಗ್ರಂಥವನ್ನೂ ಜೊತೆಗಿಟ್ಟು ಓದಿದರೆ ಕೆಲವು ಸಾಮ್ಯಗಳು ಬೆರಗು ಹುಟ್ಟಿಸುತ್ತವೆ. ಮಗುವಿಗೆ ಬಲವಂತದಿಂದಲ್ಲ, ಆಟದ ಮೂಲಕ ಕಲಿಸಬೇಕೆಂಬುದು ಪ್ಲೇಟೋವಿನ ಮತ. ನಮ್ಮ ನೀತಿಯೂ 3ರಿಂದ 8 ವರ್ಷದ ಮಕ್ಕಳ ಕಲಿಕೆಗೆ ಆಟವನ್ನೇ ಆಧಾರವಾಗಿಸಿದೆ. ಆತ ಸಂಗೀತ, ವ್ಯಾಯಾಮಗಳಿಂದ ಶಿಕ್ಷಣವನ್ನು ಆರಂಭಿಸಿದನು. ನೀತಿಯು ಕಲೆ, ಕ್ರೀಡೆಗಳನ್ನು ಪಠ್ಯೇತರವೆಂದು ಬದಿಗಿಡಬಾರದೆನ್ನುತ್ತದೆ.

ಒಂದು ವಿಷಯದಲ್ಲಂತೂ ನಮ್ಮ ನೀತಿಯೇ ಮೇಲು. ಪ್ಲೇಟೋ ಉನ್ನತ ಶಿಕ್ಷಣವನ್ನು ಆಯ್ದ ಕೆಲವರಿಗೆ ಮೀಸಲಿಟ್ಟನು. ಕಾವಲುಗಾರ ವರ್ಗದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ರಾಜ್ಯದ ವಶಕ್ಕೆ ಒಪ್ಪಿಸಿದನು. ನೀತಿಯಾದರೋ 2030ರೊಳಗೆ ಎಲ್ಲ ಮಕ್ಕಳಿಗೂ ಶಾಲಾ ಶಿಕ್ಷಣ ದೊರೆಯಬೇಕೆನ್ನುತ್ತದೆ. ತಂದೆತಾಯಿಗಳೇ ಮಕ್ಕಳ ಪ್ರಥಮ ಶಿಕ್ಷಕರೆಂದು 1965ರಲ್ಲಿ ಸಾರಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬೋಧನೆಯನ್ನು ನಂಬುವ ನಾವು ಪ್ಲೇಟೋವಿನ ಈ ಏರ್ಪಾಡನ್ನು ಒಪ್ಪಲಾರೆವು.

ಆದರೆ ಕಲಿತವನು ಮುಂದೇನು ಮಾಡಬೇಕು? ಇಲ್ಲಿ ಪ್ಲೇಟೋ ನಮ್ಮನ್ನು ತಡೆದು ನಿಲ್ಲಿಸುತ್ತಾನೆ. ಆತನ ಪ್ರಸಿದ್ಧ ರೂಪಕದಲ್ಲಿ, ಗುಹೆಯೊಳಗೆ ಬಂಧಿತರಾದ ಜನರು ಗೋಡೆಯ ಮೇಲಿನ ನೆರಳುಗಳನ್ನೇ ಸತ್ಯವೆಂದು ನಂಬಿದ್ದಾರೆ. ಅವರಲ್ಲೊಬ್ಬನು ಬಿಡುಗಡೆ ಹೊಂದಿ, ಹೊರಗೆ ಬಂದು ಸೂರ್ಯನನ್ನು ಕಾಣುತ್ತಾನೆ. ಶಿಕ್ಷಣವೆಂದರೆ ಇಡೀ ಆತ್ಮವನ್ನು ಹೀಗೆ ಬೆಳಕಿನತ್ತ ತಿರುಗಿಸುವುದು. ಆದರೆ ಅಲ್ಲಿಯೇ ಉಳಿಯುವ ಸ್ವಾತಂತ್ರ್ಯ ಆತನ ಆದರ್ಶ ನಗರದಲ್ಲಿ ಕಲಿತವರಿಗಿಲ್ಲ. ತಮ್ಮನ್ನು ಬೆಳೆಸಿದ ನಗರದ ಋಣ ತೀರಿಸಲು ಅವರು ಮತ್ತೆ ಗುಹೆಗಿಳಿದು, 35ರಿಂದ 50ನೆಯ ವಯಸ್ಸಿನವರೆಗೆ, ಅಂದರೆ 15 ವರ್ಷ, ಸೇವೆ ಸಲ್ಲಿಸಬೇಕು.

ನಮ್ಮ ನೀತಿಯೂ ಕರುಣೆ, ವಿವೇಕಗಳನ್ನು ಹೆಸರಿಸುತ್ತದೆ. ಸಮುದಾಯ ಸೇವೆಗೆ ಕ್ರೆಡಿಟ್ ನೀಡಬೇಕೆನ್ನುತ್ತದೆ. ಒಂದು ವರ್ಷ ಓದಿದವರಿಗೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ ಎಂಬ ವ್ಯವಸ್ಥೆ ಅರ್ಧಕ್ಕೆ ಓದು ಬಿಡಬೇಕಾದ ಬಡ ವಿದ್ಯಾರ್ಥಿಗೆ ಆಸರೆಯೇ ಸರಿ. ಆದರೂ ಪ್ಲೇಟೋವಿಗೆ ಸೇವೆಯು ತೀರಿಸಬೇಕಾದ ಋಣ. ಇಲ್ಲಿ ಅದು ವಿದ್ಯಾರ್ಥಿಯ ಖಾತೆಗೆ ಸೇರುವ ಗಳಿಕೆ. ಇದು ಸಣ್ಣ ವ್ಯತ್ಯಾಸವಲ್ಲ.

ಶಿಷ್ಯರ ಪಾದ ತೊಳೆದ ಗುರುವನ್ನು ಹಿಂಬಾಲಿಸುವ ನಮಗೆ ಈ ಕೆಳಗಿಳಿಯುವ ಹಾದಿ ಹೊಸದೇನಲ್ಲ. ಈ ಕೊರತೆಯನ್ನು ಸರ್ಕಾರವೇ ತುಂಬಲೆಂದು ಕಾಯಬೇಕಾಗಿಯೂ ಇಲ್ಲ. ಫಲಿತಾಂಶ ಹಿಡಿದು ಬರುವ ಮಗುವಿಗೆ “ಎಷ್ಟು ಅಂಕ?” ಎಂದು ಕೇಳುವ ನಾವು, “ಹಿಂದುಳಿದ ಯಾರಿಗೆ ಕಲಿಸಿಕೊಟ್ಟೆ?” ಎಂದೂ ಕೇಳೋಣವೇ?